ಕೆಮ್ಮಿನ ಹಿಂದೆ ಮೂವತ್ತು ವರ್ಷದ ಧೂಳು

ಎದೆಯಲ್ಲಿ ನೀರು ತುಂಬಿದೆ ಎಂದು ವೈದ್ಯರು ಹೇಳಿದ ಕೂಡಲೇ ನಮ್ಮ ಮನೆಗಳಲ್ಲಿ ಬಾಯಿಗೆ ಬರುವ ಹೆಸರು ಟಿಬಿ. ಬಹಳಷ್ಟು ಸಲ ಆ ಊಹೆ ಸರಿಯೇ. ಕಫದ ಪರೀಕ್ಷೆ, ಎಕ್ಸ್‌ರೇ, ಆರು ತಿಂಗಳ ಮಾತ್ರೆ. ನೀರು ಆರುತ್ತದೆ, ಮೈ ಮತ್ತೆ ತುಂಬಿಕೊಳ್ಳುತ್ತದೆ, ಮನುಷ್ಯ ಕೆಲಸಕ್ಕೆ ಹೋಗುತ್ತಾನೆ. ನಾನು ಇಲ್ಲಿ ಹೇಳಹೊರಟಿರುವುದು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದರೂ ನೀರು ಆರದ ಕೆಲವರ ವಿಷಯ. ಅವರ ರೋಗದ ಸುಳಿವು ಕಫದ ಡಬ್ಬಿಯಲ್ಲಿ ಸಿಗುವುದಿಲ್ಲ. ಇಪ್ಪತ್ತೈದೋ ಮೂವತ್ತೋ ನಲವತ್ತೋ ವರ್ಷದ ಹಿಂದೆ ಅವರು ಮಾಡುತ್ತಿದ್ದ ಕೆಲಸದಲ್ಲಿ ಸಿಗುತ್ತದೆ.

ಇದು ಮೊದಲು ತಿಳಿದದ್ದೂ ಒಂದು ಟಿಬಿ ಆಸ್ಪತ್ರೆಯಲ್ಲೇ. 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಕಿಂಬರ್ಲಿ ಊರಿನ ಟಿಬಿ ಆಸ್ಪತ್ರೆಯನ್ನು ನೋಡಿಕೊಳ್ಳುತ್ತಿದ್ದ ಡಾ. ಸ್ಲೆಗ್ಸ್ ಅವರಿಗೆ ಒಂದು ವಿಚಿತ್ರ ಕಂಡಿತು. ಎದೆಯಲ್ಲಿ ನೀರು ತುಂಬಿಕೊಂಡು ಬಂದ ರೋಗಿಗಳಲ್ಲಿ ಊರಿನ ಪೂರ್ವ ದಿಕ್ಕಿನಿಂದ ಬಂದವರು ಔಷಧಿಗೆ ಗುಣವಾಗುತ್ತಿದ್ದರು, ಪಶ್ಚಿಮ ದಿಕ್ಕಿನವರು ಆಗುತ್ತಿರಲಿಲ್ಲ. ಪಶ್ಚಿಮದ ಬೆಟ್ಟಗಳಲ್ಲಿ ನೀಲಿ ಕಲ್ನಾರಿನ ಗಣಿಗಳಿದ್ದವು. ರೋಗಶಾಸ್ತ್ರಜ್ಞ ಕ್ರಿಸ್ ವಾಗ್ನರ್, ಎದೆ ಶಸ್ತ್ರವೈದ್ಯ ಮಾರ್ಷಂಡ್ ಮತ್ತು ಸ್ಲೆಗ್ಸ್ ಒಟ್ಟಾಗಿ ಒಬ್ಬೊಬ್ಬ ರೋಗಿಯ ಬದುಕನ್ನೂ ಕೆದಕಿ ಕೇಳಿದರು. 1960ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಶ್ವಾಸಕೋಶದ ಹೊರಪೊರೆಗೆ ಬರುವ ಅಪರೂಪದ ಕ್ಯಾನ್ಸರಿನ 33 ರೋಗಿಗಳಿದ್ದರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲರಿಗೂ ಕಲ್ನಾರಿನ ಜೊತೆ ಎಲ್ಲೋ ಒಂದು ಕಡೆ ನಂಟು ಸಿಕ್ಕಿತು. ಅವರಲ್ಲಿ ಗಣಿಗೆ ಎಂದೂ ಇಳಿಯದವರೂ ಇದ್ದರು. ಚಿಕ್ಕಂದಿನಲ್ಲಿ ಗಣಿಯ ಹತ್ತಿರ ಬೆಳೆದದ್ದಷ್ಟೇ ಅವರ ನಂಟು.

ಆ ಕ್ಯಾನ್ಸರಿನ ಹೆಸರು ಮೀಸೋಥೀಲಿಯೋಮಾ. ಅದನ್ನು ಹಿಡಿದುಕೊಟ್ಟದ್ದು ದೊಡ್ಡ ಯಂತ್ರವಲ್ಲ, ‘ನೀವು ಎಲ್ಲಿಯವರು, ಏನು ಕೆಲಸ ಮಾಡಿಕೊಂಡಿದ್ದಿರಿ’ ಎಂಬ ವಿಚಾರಣೆ. ಅರವತ್ತಕ್ಕೂ ಹೆಚ್ಚು ವರ್ಷ ಕಳೆದಿವೆ. ನಮ್ಮ ಆಸ್ಪತ್ರೆಗಳ ಉದ್ದನೆಯ ಸಾಲಿನಲ್ಲಿ ಬೀಡಿ ಸೇದುತ್ತೀರಾ, ಶುಗರ್ ಇದೆಯಾ, ಬಿಪಿ ಇದೆಯಾ ಎಂದು ಕೇಳಲು ಸಮಯವಿರುತ್ತದೆ. ಕೆಲಸದ ಪ್ರಶ್ನೆಗೆ ‘ರಿಟೈರ್ಡ್’ ಎಂಬ ಒಂದೇ ಪದ ಬರೆದು ಮುಂದೆ ಹೋಗುತ್ತಾರೆ. ಹೇಳುವ ಹೊಣೆ ರೋಗಿಯ ಮೇಲೂ ಮನೆಯವರ ಮೇಲೂ ಬೀಳುವುದು ಇದರಿಂದಲೇ. ಏನನ್ನು ಗಮನಿಸಬೇಕು, ವೈದ್ಯರಿಗೆ ಏನು ಹೇಳಬೇಕು ಎಂಬುದನ್ನು ಆದಷ್ಟು ಬಿಡಿಸಿ ಬರೆಯುತ್ತೇನೆ.

ಕಲ್ಲಿನ ನಾರು

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿರುವ ಕಲ್ನಾರು ಎಂಬ ಹೆಸರು ಬಹಳ ಒಪ್ಪುತ್ತದೆ. ಅದು ನಾರಾಗಿ ಸೀಳುವ ಕಲ್ಲು. ಬೆಂಕಿಗೆ ಸುಡುವುದಿಲ್ಲ, ನೂಲಿನಂತೆ ಎಳೆದರೆ ಹರಿಯುವುದಿಲ್ಲ, ಅಗ್ಗ. ಹಾಸನ ಜಿಲ್ಲೆಯ ಹೊಳೆನರಸೀಪುರ ಸುತ್ತಿನ ಹಳೆಯ ಶಿಲೆಗಳಲ್ಲೂ ಇದು ಇದೆ. ದೇಶದಲ್ಲಿ ಕಲ್ನಾರು ಗಣಿಗಳಿಗೆ ಹೊಸ ಗುತ್ತಿಗೆ ಕೊಡುವುದನ್ನು 1986ರಲ್ಲಿ, ಹಳೆಯದನ್ನು ನವೀಕರಿಸುವುದನ್ನು 1993ರಲ್ಲಿ ನಿಲ್ಲಿಸಿದರು. ಆದರೆ ಹೊರದೇಶದಿಂದ ಬಿಳಿ ಕಲ್ನಾರನ್ನು ತರಿಸಿ ಶೀಟು ಮಾಡುವುದು ನಿಲ್ಲಲಿಲ್ಲ. ಅಗೆಯುವುದು ಅಪಾಯ ಎಂದು ಒಪ್ಪಿಕೊಂಡ ವಸ್ತುವನ್ನು ಹಡಗಿನಲ್ಲಿ ತರಿಸುವುದರ ತರ್ಕ ನನಗೆ ಇವತ್ತಿಗೂ ಹೊಂದುವುದಿಲ್ಲ. ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಗೆ ಇದನ್ನು ಪೂರ್ತಿ ನಿಷೇಧಿಸಿದವು. ಬಿಳಿಯದೂ ಸೇರಿದಂತೆ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಖಚಿತ ನಿಲುವು.

ಇಲ್ಲಿ ಒಂದು ಭಾಷೆಯ ತೊಡಕಿದೆ, ಅದು ರೋಗ ಪತ್ತೆಗೇ ಅಡ್ಡ ಬರುತ್ತದೆ. ‘ನೀವು ಕಲ್ನಾರಿನ ಜೊತೆ ಕೆಲಸ ಮಾಡಿದ್ದೀರಾ’ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಇಲ್ಲ ಎನ್ನುತ್ತಾರೆ. ಏಕೆಂದರೆ ಅವರು ಕೊಯ್ದದ್ದು ‘ಸಿಮೆಂಟ್ ಶೀಟು’. ಅವರು ಉಜ್ಜಿದ್ದು ‘ಬ್ರೇಕ್ ಲೈನರ್’. ಅವರು ಬಾಯ್ಲರ್ ಪೈಪಿಗೆ ಸುತ್ತಿದ್ದು ‘ಹಗ್ಗ’, ಫರ್ನೇಸ್ ಮುಂದೆ ಕೈಗೆ ಹಾಕಿದ್ದು ‘ಬೆಂಕಿ ಗ್ಲೌಸ್’. ಹಾಗಾಗಿ ಕೇಳುವ ರೀತಿ ಬದಲಾಗಬೇಕು. ಶೀಟು ಅಥವಾ ಸಿಮೆಂಟ್ ಪೈಪು ಮಾಡುವ ಕಾರ್ಖಾನೆಯಲ್ಲಿ ಇದ್ದಿರಾ? ಮೂಟೆ ಹರಿದು ಸುರಿಯುವ ವಿಭಾಗದಲ್ಲಿ ಇದ್ದಿರಾ? ಶೀಟಿಗೆ ಕಟರ್ ಹಿಡಿದು ಕೊಯ್ಯುವುದು, ಬೋಲ್ಟಿಗೆ ತೂತು ಹೊಡೆಯುವುದು ಮಾಡಿದ್ದಿರಾ? ಗ್ಯಾರೇಜಿನಲ್ಲಿ ಲಾರಿ, ಬಸ್ಸಿನ ಬ್ರೇಕ್ ಡ್ರಮ್ಮು ಬಿಚ್ಚಿ ಗಾಳಿ ಹೊಡೆದು ಧೂಳು ಹಾರಿಸುತ್ತಿದ್ದಿರಾ? ಸಕ್ಕರೆ ಕಾರ್ಖಾನೆ, ವಿದ್ಯುತ್ ಸ್ಥಾವರ, ಹಡಗು, ರೈಲು ಎಂಜಿನ್ನಿನ ಪೈಪಿನ ಮೇಲಿನ ಹಳೆಯ ಸುತ್ತು ಕಿತ್ತು ಹೊಸದು ಹಾಕಿದ್ದಿರಾ? ಹಳೆಯ ಕಟ್ಟಡ ಕೆಡಹುವ, ಗುಜರಿ ಬಿಚ್ಚುವ ಕೆಲಸವಿತ್ತೇ? ಇವುಗಳಲ್ಲಿ ಯಾವುದಕ್ಕೆ ಹೌದು ಎಂದರೂ ಅದು ವೈದ್ಯರಿಗೆ ಬೇಕಾದ ಮಾಹಿತಿ.

ಕೆಲಸ ಮಾಡದವರನ್ನೂ ಕೇಳಬೇಕು, ಮುಖ್ಯವಾಗಿ ಹೆಂಗಸರನ್ನು. 1965ರಲ್ಲಿ ಲಂಡನ್ನಿನಲ್ಲಿ ನ್ಯೂಹೌಸ್ ಮತ್ತು ಥಾಂಪ್ಸನ್ 76 ಮೀಸೋಥೀಲಿಯೋಮಾ ರೋಗಿಗಳ ಹಿನ್ನೆಲೆ ಹುಡುಕಿದಾಗ 31 ಮಂದಿ ಕಲ್ನಾರಿನ ಕೆಲಸದಲ್ಲಿ ಇದ್ದವರು. ಇನ್ನೂ 9 ಮಂದಿ ಅಂಥ ಕೆಲಸಗಾರರ ಮನೆಯವರು, ಹೆಚ್ಚಾಗಿ ಗಂಡನ ಧೂಳು ಬಟ್ಟೆ ಒಗೆಯುತ್ತಿದ್ದ ಹೆಂಡತಿಯರು. ಉಳಿದವರಲ್ಲಿ 11 ಮಂದಿ ಕಲ್ನಾರು ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ವಾಸವಿದ್ದವರು. ಒಗೆಯುವ ಕಲ್ಲಿನ ಮೇಲೆ ಕೊಡವಿದ ಅಂಗಿ, ಅಪ್ಪ ಮನೆಗೆ ಬಂದೊಡನೆ ಎದೆಗೆ ಒರಗಿದ ಮಗು: ಇಷ್ಟೂ ಲೆಕ್ಕಕ್ಕೆ ಬರುತ್ತದೆ.

ಒಳಗೆ ಏನಾಗುತ್ತದೆ

ಕಲ್ನಾರನ್ನು ಕೊಯ್ದಾಗ, ಉಜ್ಜಿದಾಗ, ಒಡೆದಾಗ ಅದು ಕೂದಲಿಗಿಂತ ಎಷ್ಟೋ ಪಟ್ಟು ತೆಳ್ಳನೆಯ ಎಳೆಗಳಾಗಿ ಗಾಳಿಗೆ ಏಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಾಸನೆಯಿಲ್ಲ, ಮೂಗು ಉರಿಯುವುದಿಲ್ಲ. ಉಸಿರಿನ ಜೊತೆ ಇಳಿದ ಎಳೆಗಳಲ್ಲಿ ಕೆಲವು ಶ್ವಾಸಕೋಶದ ತುದಿಯವರೆಗೂ, ಅದನ್ನು ಸುತ್ತಿರುವ ಪೊರೆಯವರೆಗೂ ಹೋಗುತ್ತವೆ. ದೇಹದ ಕಾವಲು ಕೋಶಗಳು ಅವನ್ನು ನುಂಗಲು ನೋಡುತ್ತವೆ. ಉದ್ದನೆಯ ಎಳೆ ಕೋಶದೊಳಗೆ ಹಿಡಿಸುವುದಿಲ್ಲ, ಕರಗುವುದೂ ಇಲ್ಲ. ಅಲ್ಲಿ ಸಣ್ಣಗೆ ಉರಿಯೂತ ಶುರುವಾಗಿ ದಶಕಗಳವರೆಗೆ ಆರದೆ ಇರುತ್ತದೆ.

ಆ ದಶಕಗಳೇ ಈ ರೋಗದ ದೊಡ್ಡ ಮೋಸ. ಧೂಳು ಕುಡಿದಾಗ ವಯಸ್ಸು ಇಪ್ಪತ್ತೆರಡು. ಮೀಸೋಥೀಲಿಯೋಮಾ ಕಾಣಿಸಿಕೊಳ್ಳುವಾಗ ಅರವತ್ತು. ಸಾಮಾನ್ಯವಾಗಿ ನಡುವೆ 20ರಿಂದ 50 ವರ್ಷ ಹೋಗುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ಸ್ವಲ್ಪ ಕಡಿಮೆ, ಆದರೂ ಹತ್ತು ಹದಿನೈದು ವರ್ಷಕ್ಕೆ ಮುಂಚೆ ಬರುವುದು ವಿರಳ. ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ 1980ರಲ್ಲಿ ಐವತ್ತನೇ ವಯಸ್ಸಿನಲ್ಲಿ ಮೀಸೋಥೀಲಿಯೋಮಾದಿಂದ ತೀರಿಕೊಂಡರು. ಮೂವತ್ತು ವರ್ಷದ ಹಿಂದೆ, ಸೈನ್ಯದಲ್ಲಿದ್ದಾಗ ಹಡಗಿನ ಪೈಪುಗಳ ಮೇಲಿನ ಹೊದಿಕೆ ಕಿತ್ತದ್ದನ್ನು ಅವರು ಕಾರಣವೆಂದು ನೆನಪಿಸಿಕೊಂಡಿದ್ದರು. ಎಲ್ಲರಿಗೂ ಹಾಗೆ ನೆನಪಾಗುವುದಿಲ್ಲ.

ಲಕ್ಷಣಗಳು: ಏನನ್ನು ನೋಡಬೇಕು

ಮೊದಲೇ ಒಂದು ಮಾತು. ಮೀಸೋಥೀಲಿಯೋಮಾ ಅಪರೂಪದ ರೋಗ. ಕೆಳಗೆ ಹೇಳುವ ಯಾವ ಲಕ್ಷಣವೂ ಅದೊಂದಕ್ಕೇ ಸೇರಿದ್ದಲ್ಲ. ಒಂದು ವಾರ ಕೆಮ್ಮಿದವರೆಲ್ಲ ಹೆದರಬೇಕಿಲ್ಲ. ಧೂಳಿನ ಚರಿತ್ರೆ ಮತ್ತು ಲಕ್ಷಣ ಎರಡೂ ಒಬ್ಬರಲ್ಲೇ ಕೂಡಿದರೆ ಆಗ ಸುಮ್ಮನಿರಬಾರದು.

ಮೀಸೋಥೀಲಿಯೋಮಾ ಹೆಚ್ಚಾಗಿ ಬರುವುದು ಶ್ವಾಸಕೋಶದ ಹೊರಪೊರೆಗೆ. ಮೊದಲು ಗೊತ್ತಾಗುವುದು ಏದುಸಿರು. ದಿನವೂ ಹತ್ತುತ್ತಿದ್ದ ಮೆಟ್ಟಿಲು ಈಗ ನಡುವೆ ನಿಲ್ಲಿಸುತ್ತದೆ. ಹಾಲಿನ ಕ್ಯಾನು ಹೊತ್ತು ಡೈರಿಗೆ ಹೋಗುತ್ತಿದ್ದವರು ದಾರಿಯಲ್ಲಿ ಎರಡು ಕಡೆ ಕೂರುತ್ತಾರೆ. ಪೊರೆಗಳ ನಡುವೆ ನೀರು ತುಂಬಿ ಶ್ವಾಸಕೋಶ ಹಿಗ್ಗಲು ಜಾಗ ಸಿಗದಿರುವುದೇ ಇದಕ್ಕೆ ಕಾರಣ. ಆ ನೀರು ಸಾಮಾನ್ಯವಾಗಿ ಒಂದೇ ಮಗ್ಗುಲಿನಲ್ಲಿ ಇರುತ್ತದೆ. ‘ವಯಸ್ಸಾಯ್ತಲ್ಲ, ದಮ್ಮು ಬರೋದು ಸಹಜ’ ಎಂದು ಮನೆಯವರು ಸಮಾಧಾನ ಹೇಳುವುದು ಇಲ್ಲಿಂದಲೇ ಶುರುವಾಗುತ್ತದೆ, ಮತ್ತು ತಿಂಗಳುಗಳು ಹೋಗುವುದೂ ಇಲ್ಲೇ. ವಯಸ್ಸಿನ ಏದುಸಿರು ವರ್ಷಗಳಲ್ಲಿ ನಿಧಾನವಾಗಿ ಏರುತ್ತದೆ. ಎರಡು ಮೂರು ತಿಂಗಳಲ್ಲಿ ಎದ್ದು ಕಾಣುವಷ್ಟು ಹೆಚ್ಚಾದ ಏದುಸಿರಿಗೆ ವಯಸ್ಸನ್ನು ಕಾರಣ ಮಾಡಬಾರದು.

ಎರಡನೆಯದು ನೋವು. ಟಿಬಿಯಲ್ಲಿ ನೀರು ತುಂಬುವ ಮೊದಲ ದಿನಗಳ ನೋವು ಚುಚ್ಚುವಂಥದ್ದು, ದೀರ್ಘ ಉಸಿರು ಎಳೆದಾಗ ಹೆಚ್ಚುತ್ತದೆ, ಜ್ವರವೂ ಜೊತೆಗಿರುತ್ತದೆ. ಮೀಸೋಥೀಲಿಯೋಮಾದ ನೋವು ಹೆಚ್ಚಾಗಿ ಮಂದ, ಭಾರ, ಎದೆಗೂಡಿನ ಒಂದು ಕಡೆ ಯಾರೋ ಒತ್ತಿ ಹಿಡಿದಂತೆ. ಬರುತ್ತಾ ಹೋಗುತ್ತಾ ಇರುವುದಿಲ್ಲ, ಬಂದಲ್ಲೇ ಕೂರುತ್ತದೆ. ಕೆಲವರಿಗೆ ಹೆಗಲಿಗೋ ಹೊಟ್ಟೆಯ ಮೇಲ್ಭಾಗಕ್ಕೋ ಇಳಿಯುತ್ತದೆ. ಗ್ಯಾಸ್ ಎಂದು ಮಾತ್ರೆ, ವಾಯು ಎಂದು ಎಣ್ಣೆ ನೀವುವುದು, ಪಕ್ಕೆ ಹಿಡಿದಿದೆ ಎಂದು ಪಟ್ಟು, ಹೀಗೆ ನಮ್ಮಲ್ಲಿ ನಡೆಯುತ್ತದೆ. ಆ ಮಗ್ಗುಲಿಗೆ ಮಲಗಲಾಗದೆ ರಾತ್ರಿ ಎಚ್ಚರವಾಗುತ್ತಿದ್ದರೆ, ಮೂರು ವಾರ ಕಳೆದರೂ ನೋವು ಕಡಿಮೆಯಾಗದಿದ್ದರೆ ಎಕ್ಸ್‌ರೇ ತೆಗೆಸಲೇಬೇಕು.

ಇವುಗಳ ಜೊತೆಗೆ ಒಣಕೆಮ್ಮು, ಊಟ ಸೇರದಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಸುಸ್ತು, ರಾತ್ರಿ ಬೆವರು, ಸಣ್ಣ ಜ್ವರ. ಇವೆಲ್ಲ ಟಿಬಿಯ ಲಕ್ಷಣಗಳೂ ಹೌದು, ಗೊಂದಲ ಹುಟ್ಟುವುದು ಅಲ್ಲೇ. ರೋಗ ಮುಂದುವರಿದಾಗ ಎದೆಗೂಡಿನ ಆ ಭಾಗ ಕುಗ್ಗಿದಂತೆ ಕಾಣಬಹುದು. ಉಸಿರೆಳೆದಾಗ ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಅಲುಗುವುದಿಲ್ಲ. ಕೆಲವರಿಗೆ ಎದೆಯ ಗೋಡೆಯ ಮೇಲೆ ಕೈಗೆ ಸಿಗುವ ಗಂಟು ಏಳುತ್ತದೆ.

ಅಂಥದೇ ಪೊರೆ ಹೊಟ್ಟೆಯೊಳಗೂ ಇದೆ, ಅಲ್ಲೂ ಈ ಕ್ಯಾನ್ಸರ್ ಬರಬಹುದು. ಆಗ ಕೈಕಾಲು ಬಡಕಲಾಗಿ ಹೊಟ್ಟೆ ಮಾತ್ರ ದೊಡ್ಡದಾಗುತ್ತದೆ. ಪಂಚೆ, ಸೀರೆ ಕಟ್ಟುವಾಗ ಸೊಂಟ ಬಿಗಿಯಾಯಿತೆಂದು ಗೊತ್ತಾಗುತ್ತದೆ. ಎರಡು ತುತ್ತಿಗೇ ಹೊಟ್ಟೆ ತುಂಬುವುದು, ನೋವು, ವಾಕರಿಕೆ, ಮಲವಿಸರ್ಜನೆಯ ಕ್ರಮ ತಪ್ಪುವುದು. ಹೊಟ್ಟೆಯಲ್ಲಿ ನೀರು ಎಂದರೆ ಕುಡಿತ, ಲಿವರು ಎಂಬ ಊಹೆಯೇ ಮೊದಲು ಬರುತ್ತದೆ. ಕುಡಿಯದವರ ಹೊಟ್ಟೆಯಲ್ಲಿ ನೀರು ಕಂಡರೆ ಹಳೆಯ ಕೆಲಸ ನೆನಪಿಸಿಕೊಳ್ಳಿ.

ಕಲ್ನಾರಿನಿಂದ ಸಾಯುವವರಲ್ಲಿ ದೊಡ್ಡ ಪಾಲು ಮೀಸೋಥೀಲಿಯೋಮಾದ್ದಲ್ಲ, ಶ್ವಾಸಕೋಶದ ಕ್ಯಾನ್ಸರಿನದು. ಅದು ಬೀಡಿ ಸಿಗರೇಟಿನವರಿಗೆ ಬರುವ ಅದೇ ಕ್ಯಾನ್ಸರ್, ಲಕ್ಷಣಗಳೂ ಅವೇ. ಮೂರು ವಾರ ಮೀರಿದ ಕೆಮ್ಮು. ಹಳೆಯ ಕೆಮ್ಮು ಇರುವವರಲ್ಲಿ ಅದರ ದನಿಯೋ ಹೊತ್ತೋ ಕಫದ ಬಣ್ಣವೋ ಬದಲಾಗುವುದು. ಕಫದಲ್ಲಿ ರಕ್ತ, ಒಂದು ಸಲ, ಒಂದು ಎಳೆಯಷ್ಟು ಕಂಡರೂ ಸಾಕು, ವೈದ್ಯರ ಬಳಿ ಹೋಗಲು ಮತ್ತೊಂದು ಸಲಕ್ಕೆ ಕಾಯಬೇಡಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಆಗುವುದು, ಮುಖ ಕತ್ತು ಊದುವುದು, ಬೆರಳ ತುದಿ ದಪ್ಪಗಾಗಿ ಉಗುರು ಗಿಣಿಯ ಕೊಕ್ಕಿನಂತೆ ಬಾಗುವುದು ಕೂಡ ಸೂಚನೆಗಳು. ಮೂರು ವಾರಕ್ಕೂ ಹೆಚ್ಚು ಗಂಟಲು ಒಡೆದಿದ್ದರೆ ಧ್ವನಿಪೆಟ್ಟಿಗೆಯನ್ನು ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಬೇಕು; ಅಲ್ಲಿನ ಕ್ಯಾನ್ಸರಿಗೂ ಕಲ್ನಾರು ಕಾರಣವಾಗಬಲ್ಲದು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಪ್ಪಿದೆ. ಅಂಡಾಶಯದ ಕ್ಯಾನ್ಸರೂ ಆ ಪಟ್ಟಿಯಲ್ಲಿದೆ. ವಾರಗಟ್ಟಲೆ ಹೊಟ್ಟೆ ಉಬ್ಬರ, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನ್ನಿಸುವುದು ಅದರ ಸುಳಿವುಗಳು. ಶೀಟು ಕಾರ್ಖಾನೆಯಲ್ಲಿ ದುಡಿದ ಹೆಂಗಸರು ಇದನ್ನು ಸ್ತ್ರೀರೋಗ ತಜ್ಞರಿಗೆ ಹೇಳಬೇಕು.

ಕ್ಯಾನ್ಸರಲ್ಲದ ಎರಡು ಸ್ಥಿತಿಗಳ ಪರಿಚಯವೂ ಬೇಕು. ಆಸ್ಬೆಸ್ಟೋಸಿಸ್ ಎಂದರೆ ಶ್ವಾಸಕೋಶವೇ ಗಾಯದ ಕಲೆಯಂತೆ ಗಟ್ಟಿಯಾಗುವುದು; ವರ್ಷಗಳ ಮೇಲೆ ನಿಧಾನವಾಗಿ ಏರುವ ಏದುಸಿರು, ಒಣಕೆಮ್ಮು. ವೈದ್ಯರು ಬೆನ್ನಿನ ಕೆಳಭಾಗಕ್ಕೆ ಸ್ಟೆತಾಸ್ಕೋಪ್ ಇಟ್ಟರೆ ಕೂದಲನ್ನು ಬೆರಳ ನಡುವೆ ಉಜ್ಜಿದಂಥ ಸಣ್ಣ ಸದ್ದು ಕೇಳುತ್ತದೆ. ಇನ್ನೊಂದು, ಪೊರೆಯ ಮೇಲೆ ಸುಣ್ಣಗಟ್ಟಿದ ಬಿಲ್ಲೆಗಳು, ವರದಿಯಲ್ಲಿ ‘ಪ್ಲೂರಲ್ ಪ್ಲಾಕ್’ ಎಂದು ಬರೆದಿರುತ್ತದೆ. ಅದು ಕ್ಯಾನ್ಸರಲ್ಲ, ಕ್ಯಾನ್ಸರಾಗಿ ಬದಲಾಗುವುದೂ ಇಲ್ಲ. ಆದರೆ ಈ ಎದೆಗೆ ಕಲ್ನಾರು ಇಳಿದಿದೆ ಎಂಬ ಗುರುತು. ಆ ವರದಿಯನ್ನು ಜೋಪಾನವಾಗಿಡಿ.

ಟಿಬಿಯ ಮಾತ್ರೆ ಮುಗಿದ ಮೇಲೆ

ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ ಪರೀಕ್ಷೆ ಮಾಡಿಸಬೇಕೆಂದು ಸರ್ಕಾರಿ ಆಸ್ಪತ್ರೆಯವರು ಹೇಳುವುದು ಸರಿ, ಅದನ್ನು ಮೊದಲು ಮಾಡಿಸಿ. ಟಿಬಿ ಎಂದು ಖಚಿತವಾದರೆ ಮಾತ್ರೆಯನ್ನು ಯಾವ ಕಾರಣಕ್ಕೂ ನಡುವೆ ಬಿಡಬೇಡಿ. ಈ ಲೇಖನ ಓದಿ ಯಾರೂ ಹಾಗೆ ಮಾಡಬಾರದು. ನಾನು ಹೇಳುವುದು ಬೇರೆ ಸಂದರ್ಭ. ಎದೆಯ ನೀರಿನಲ್ಲಿ ಟಿಬಿ ರೋಗಾಣು ಸಿಗುವುದು ಕಷ್ಟ, ಹಾಗಾಗಿ ಎಷ್ಟೋ ಸಲ ಬೇರೆ ಸೂಚನೆಗಳ ಮೇಲೆ ಚಿಕಿತ್ಸೆ ಶುರು ಮಾಡುತ್ತಾರೆ. ಅಂಥ ಚಿಕಿತ್ಸೆ ಶುರುವಾಗಿ ಒಂದೆರಡು ತಿಂಗಳಾದರೂ ಏದುಸಿರು, ತೂಕ ಏನೂ ಸುಧಾರಿಸದಿದ್ದರೆ, ತೆಗೆದ ನೀರು ಮತ್ತೆ ಮತ್ತೆ ತುಂಬಿದರೆ, ನೀರು ರಕ್ತದ ಬಣ್ಣದ್ದಾಗಿದ್ದರೆ, ನೋವು ದಿನೇದಿನೇ ಹೆಚ್ಚಾದರೆ ಅದೇ ವೈದ್ಯರ ಬಳಿ ಮತ್ತೆ ಹೋಗಿ, ‘ಡಾಕ್ಟ್ರೇ, ನಾನು ಹದಿನೈದು ವರ್ಷ ಶೀಟು ಫ್ಯಾಕ್ಟರಿಲಿ ಇದ್ದೆ’ ಎಂದು ಹೇಳಿ. ಆ ಒಂದು ವಾಕ್ಯ ಪರೀಕ್ಷೆಯ ದಿಕ್ಕನ್ನೇ ಬದಲಿಸಬಹುದು.

ಹೇಳುವುದಕ್ಕಿಂತ ಬರೆದು ಕೊಂಡೊಯ್ಯುವುದು ಇನ್ನೂ ಒಳ್ಳೆಯದು. ಒಂದು ಹಾಳೆ ಸಾಕು. ಶಾಲೆ ಬಿಟ್ಟ ವರ್ಷದಿಂದ ಹಿಡಿದು ಇವತ್ತಿನವರೆಗೆ ಯಾವ ಇಸವಿಯಿಂದ ಯಾವ ಇಸವಿಯವರೆಗೆ, ಯಾವ ಊರಿನಲ್ಲಿ, ಯಾವ ಕಾರ್ಖಾನೆ ಅಥವಾ ಯಾವ ಮೇಸ್ತ್ರಿಯ ಕೈಕೆಳಗೆ, ಏನು ಕೆಲಸ. ಪಕ್ಕದಲ್ಲಿ ಧೂಳು ಎಷ್ಟಿತ್ತು: ಟೀ ಲೋಟದ ಮೇಲೆ ಕೂರುವಷ್ಟೇ, ಎದುರಿನವರ ಮುಖ ಕಾಣದಷ್ಟೇ. ಮುಖಕ್ಕೆ ಏನಾದರೂ ಕಟ್ಟುತ್ತಿದ್ದಿರಾ, ಟವೆಲ್ಲೋ ಮಾಸ್ಕೋ. ಮೂರೇ ತಿಂಗಳು ಮಾಡಿದ ಕೆಲಸವೆಂದು ಬಿಡಬೇಡಿ. ಮುಂಬೈಯಲ್ಲೋ ಕೊಲ್ಲಿ ದೇಶದಲ್ಲೋ ಮಾಡಿದ್ದನ್ನೂ ಬರೆಯಿರಿ. ಮನೆಯಲ್ಲಿ ಯಾರು ಅಂಥ ಕೆಲಸದಲ್ಲಿದ್ದರು, ಅವರ ಬಟ್ಟೆ ಯಾರು ಒಗೆಯುತ್ತಿದ್ದರು, ಬಾಲ್ಯದ ಮನೆ ಯಾವ ಕಾರ್ಖಾನೆಯ ಪಕ್ಕದಲ್ಲಿತ್ತು. ಹಿರಿಯರಿಗೆ ಇಸವಿ ನೆನಪಿರುವುದಿಲ್ಲ. ‘ದೊಡ್ಡ ಮಗಳು ಹುಟ್ಟಿದಾಗ ಎಲ್ಲಿದ್ರಿ ಅಪ್ಪಾ’ ಎಂದು ಕೇಳಿದರೆ ಕಾರ್ಖಾನೆಯ ಹೆಸರು ತಾನಾಗಿ ಬರುತ್ತದೆ. ಈ ಹಾಳೆಯ ಎರಡು ಪ್ರತಿ ಮಾಡಿಸಿ ಒಂದನ್ನು ಆಸ್ಪತ್ರೆಯ ಫೈಲಿಗೇ ಸೇರಿಸಲು ಹೇಳಿ.

ಪರೀಕ್ಷೆಗಳು ಹೀಗೆ ಸಾಗುತ್ತವೆ. ಮೊದಲು ಎದೆಯ ಎಕ್ಸ್‌ರೇ. ಆರಂಭದಲ್ಲಿ ಅದು ಮಾಮೂಲಿಯಾಗಿಯೇ ಕಾಣಬಹುದು, ಹಾಗಾಗಿ ಅನುಮಾನವಿದ್ದರೆ ಸಿಟಿ ಸ್ಕ್ಯಾನ್. ನೀರಿದ್ದರೆ ಸೂಜಿಯಿಂದ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ನೀರಿನಲ್ಲಿ ಕ್ಯಾನ್ಸರ್ ಕೋಶ ಕಾಣಲಿಲ್ಲ ಎಂದು ವರದಿ ಬಂದರೆ ಸಮಾಧಾನಪಟ್ಟು ಮನೆಗೆ ಬರುವವರೇ ಹೆಚ್ಚು. ಮೀಸೋಥೀಲಿಯೋಮಾದಲ್ಲಿ ನೀರಿನ ಪರೀಕ್ಷೆ ಬಹಳಷ್ಟು ಸಲ ಏನನ್ನೂ ತೋರಿಸುವುದಿಲ್ಲ. ಖಚಿತವಾಗಬೇಕಾದರೆ ಪೊರೆಯ ಚೂರನ್ನೇ ತೆಗೆದು ನೋಡಬೇಕು. ಸ್ಕ್ಯಾನ್ ನೋಡಿಕೊಂಡು ಸೂಜಿ ಹಾಕಿಯೋ, ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿಯೋ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಆಳವಾಗಿದೆ. ಈ ರೋಗದಲ್ಲಿ ಸೂಜಿ ಹಾದ ಜಾಗದಲ್ಲಿ ಕೆಲವೊಮ್ಮೆ ಗಂಟು ಏಳುವುದುಂಟು, ಅದು ವೈದ್ಯರಿಗೆ ಗೊತ್ತಿರುವ ಮತ್ತು ನಿಭಾಯಿಸುವ ವಿಷಯ. ಬಯಾಪ್ಸಿ ಬೇಡವೆಂದರೆ ರೋಗ ಯಾವುದೆಂದೇ ತಿಳಿಯದೆ ಚಿಕಿತ್ಸೆ ತಪ್ಪಿಹೋಗುತ್ತದೆ. ತೆಗೆದ ಚೂರಿಗೆ ವಿಶೇಷ ಬಣ್ಣದ ಪರೀಕ್ಷೆಗಳು ಬೇಕಾಗುವುದರಿಂದ ಅದನ್ನು ದೊಡ್ಡ ಲ್ಯಾಬಿಗೆ ಕಳುಹಿಸಬೇಕಾಗಬಹುದು. ಆ ಚೂರನ್ನು ಕೂರಿಸಿದ ಮೇಣದ ಬ್ಲಾಕು ಮತ್ತು ಸ್ಲೈಡುಗಳು ನಿಮ್ಮವು. ಬೇರೆ ಆಸ್ಪತ್ರೆಗೆ ಹೋಗುವಾಗ ಕೇಳಿ ತೆಗೆದುಕೊಳ್ಳಿ.

ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಮತ್ತು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಅಕ್ಕಪಕ್ಕದಲ್ಲೇ ಇವೆ. ಕಿದ್ವಾಯಿಯ ಕೇಂದ್ರ ಕಲಬುರಗಿಯಲ್ಲೂ ಇದೆ. ಜಿಲ್ಲಾ ಆಸ್ಪತ್ರೆಯಿಂದ ಶಿಫಾರಸು ಪತ್ರ, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡು ಜೊತೆಗಿಟ್ಟುಕೊಂಡು ಹೋದರೆ ಓಡಾಟ ಕಡಿಮೆ.

ಚಿಕಿತ್ಸೆಯ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ಶ್ವಾಸಕೋಶದ ಕ್ಯಾನ್ಸರನ್ನು ಬೇಗ ಹಿಡಿದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆ ನಿಜವಾಗಿಯೂ ಇದೆ. ಮೀಸೋಥೀಲಿಯೋಮಾವನ್ನು ಪೂರ್ತಿ ಗುಣಪಡಿಸುವ ಚಿಕಿತ್ಸೆ ಬಹುತೇಕ ರೋಗಿಗಳಿಗೆ ಇನ್ನೂ ಇಲ್ಲ. ಕೀಮೋ, ಇಮ್ಯುನೋಥೆರಪಿಗಳು ಬದುಕನ್ನು ತಿಂಗಳುಗಳ ಲೆಕ್ಕದಲ್ಲಿ, ಕೆಲವರಲ್ಲಿ ವರ್ಷಗಳ ಲೆಕ್ಕದಲ್ಲಿ ಮುಂದೂಡುತ್ತವೆ. ಹಾಗಾದರೆ ಬೇಗ ಪತ್ತೆಯಾಗಿ ಏನು ಬಂತು ಎಂದು ಕೇಳಬಹುದು. ನೀರು ತೆಗೆದು ಅದು ಮತ್ತೆ ತುಂಬದಂತೆ ಪೊರೆಗಳನ್ನು ಅಂಟಿಸಿದರೆ ಮನುಷ್ಯ ಕೂತು ಉಣ್ಣಬಲ್ಲ, ಮಲಗಿ ನಿದ್ದೆ ಮಾಡಬಲ್ಲ. ನೋವಿಗೆ ಸರಿಯಾದ ಔಷಧಿ ಸಿಗುತ್ತದೆ. ಬೇಡದ ಮಾತ್ರೆ, ಬೇಡದ ಖರ್ಚು ತಪ್ಪುತ್ತದೆ. ಕೊನೆಯ ಹಂತದ ಆರೈಕೆಗೆ ಬೆಂಗಳೂರಿನ ಕರುಣಾಶ್ರಯದಂಥ ಕಡೆ ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಇವು ಸಣ್ಣ ಸಂಗತಿಗಳಲ್ಲ.

ಬೀಡಿ, ಸಿಗರೇಟು

ಧೂಳಿನಲ್ಲಿ ದುಡಿದವರು ಇದೊಂದನ್ನಾದರೂ ಕೇಳಿಸಿಕೊಳ್ಳಬೇಕು. ಅಮೆರಿಕದಲ್ಲಿ ಪೈಪುಗಳಿಗೆ ಕಲ್ನಾರು ಸುತ್ತುತ್ತಿದ್ದ ಕೆಲಸಗಾರರನ್ನು ವರ್ಷಗಟ್ಟಲೆ ಹಿಂಬಾಲಿಸಿ ಹ್ಯಾಮಂಡ್, ಸೆಲಿಕಾಫ್ ಮತ್ತು ಸೈಡ್‌ಮನ್ 1979ರಲ್ಲಿ ಕೊಟ್ಟ ಲೆಕ್ಕ ಹೀಗಿತ್ತು: ಎರಡೂ ಇಲ್ಲದವರಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ ಕಲ್ನಾರಿನ ಧೂಳು ಮಾತ್ರ ಕುಡಿದವರಲ್ಲಿ ಸುಮಾರು 5 ಪಟ್ಟು, ಸಿಗರೇಟು ಮಾತ್ರ ಸೇದಿದವರಲ್ಲಿ ಸುಮಾರು 11 ಪಟ್ಟು, ಎರಡೂ ಸೇರಿದವರಲ್ಲಿ ಸುಮಾರು 53 ಪಟ್ಟು. ಮೀಸೋಥೀಲಿಯೋಮಾಕ್ಕೆ ಹೊಗೆಯ ಸಂಬಂಧವಿಲ್ಲ, ಸೇದದವರಿಗೂ ಬರುತ್ತದೆ. ಹೋದ ಧೂಳನ್ನು ಎದೆಯಿಂದ ಹೊರಗೆ ತೆಗೆಯಲು ದಾರಿಯಿಲ್ಲ. ಬೀಡಿಯನ್ನು ಇವತ್ತು ಬಿಡಬಹುದು, ಬಿಟ್ಟ ಮೇಲೆ ಅಪಾಯ ಇಳಿಯುತ್ತಾ ಬರುತ್ತದೆ.

‘ನಮ್ಮ ಮನೆಗೂ ಶೀಟೇ ಇದೆ, ಏನು ಮಾಡೋದು’ ಎಂದು ಬಹಳ ಜನ ಕೇಳುತ್ತಾರೆ. ಬಚ್ಚಲು, ಕೊಟ್ಟಿಗೆ, ಹುಳು ಮನೆ, ಕೋಳಿ ಶೆಡ್ಡು, ಎಲ್ಲ ಕಡೆ ಶೀಟಿದೆ. ಗಟ್ಟಿಯಾಗಿ ಕೂತಿರುವ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಸಿಕ್ಕಿಕೊಂಡಿರುತ್ತದೆ. ಅದರ ಕೆಳಗೆ ಮಲಗಿದ ಮಾತ್ರಕ್ಕೆ ರೋಗ ಬಂತೆಂದು ಕಂಗಾಲಾಗಬೇಡಿ. ಅಪಾಯ ಇರುವುದು ಅದನ್ನು ಕೊಯ್ಯುವಾಗ, ಒಡೆಯುವಾಗ, ಬ್ರಷ್ಷಿನಿಂದ ಉಜ್ಜಿ ಪಾಚಿ ತೆಗೆಯುವಾಗ, ಹಳೆಯದಾಗಿ ಮೇಲ್ಮೈ ಪುಡಿಯಾಗುವಾಗ. ಬಿಚ್ಚಲೇಬೇಕಾದರೆ ಮೊದಲು ನೀರು ಹೊಡೆದು ಒದ್ದೆ ಮಾಡಿ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಿ. ಕಟರ್ ಹಚ್ಚಬೇಡಿ, ಮೇಲಿನಿಂದ ಎಸೆಯಬೇಡಿ. ಚೂರುಗಳನ್ನು ಒಣ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ಎತ್ತಿ. ಟವೆಲ್ ಕಟ್ಟಿಕೊಂಡರೆ ಈ ಎಳೆ ನಿಲ್ಲುವುದಿಲ್ಲ. ಒಡೆದ ಚೂರನ್ನು ಅಂಗಳದ ಕೆಸರಿಗೆ ಹಾಸುವುದು ನಮ್ಮಲ್ಲಿ ರೂಢಿ, ಅದು ಖಂಡಿತ ಬೇಡ. ಮಕ್ಕಳು ಆಡುವುದು ಅಲ್ಲೇ.

ಟ್ರಂಕಿನ ತಳದ ಕಾಗದ

ಕಲ್ನಾರಿನಿಂದ ಬಂದ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಮೀಸೋಥೀಲಿಯೋಮಾ ಮೂರೂ ಕಾರ್ಮಿಕ ಪರಿಹಾರದ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿವೆ. ಅಂದರೆ ಅದು ಅಪಘಾತದಲ್ಲಿ ಕೈ ಕಳೆದುಕೊಂಡಷ್ಟೇ ಪರಿಹಾರಕ್ಕೆ ಅರ್ಹವಾದ ನಷ್ಟ. 1995ರ ಜನವರಿ 27ರಂದು ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ತೀರ್ಪು ಕೊಟ್ಟು, ದುಡಿಯುವವನ ಆರೋಗ್ಯ ಬದುಕುವ ಹಕ್ಕಿನ ಭಾಗ ಎಂದಿತು. ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ನಂತರವೋ ಅಲ್ಲಿಯವರೆಗೆ ಕಾರ್ಖಾನೆ ಇಟ್ಟುಕೊಳ್ಳಬೇಕೆಂದು ಆದೇಶಿಸಿತು. ಈ ರೋಗ ಎಷ್ಟು ತಡವಾಗಿ ಬರುತ್ತದೆ ಎಂದು ನ್ಯಾಯಾಲಯ ಅರಿತಿತ್ತು. ನಿಮ್ಮ ಹಳೆಯ ಎಕ್ಸ್‌ರೇ, ತಪಾಸಣೆ ವರದಿ ಕೇಳಿ ಕಾರ್ಖಾನೆಗೆ ಲಿಖಿತ ಅರ್ಜಿ ಕೊಡಿ, ಪ್ರತಿಯನ್ನು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೂ ಕಳುಹಿಸಿ.

ಮುಚ್ಚಿಹೋದ ಕಾರ್ಖಾನೆಗೆ ಎಲ್ಲಿ ಅರ್ಜಿ ಕೊಡುವುದು? ಗುತ್ತಿಗೆಯಲ್ಲಿ ದುಡಿದವರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಆಗ ಉಳಿಯುವುದು ಮನೆಯಲ್ಲಿರುವ ಚೂರುಪಾರು ಕಾಗದ: ಇಎಸ್‌ಐ ಕಾರ್ಡು, ಪಿಎಫ್ ಚೀಟಿ, ಸಂಬಳದ ಲಕೋಟೆ, ಗೇಟ್ ಪಾಸು, ಕಾರ್ಮಿಕ ಸಂಘದ ಚಂದಾ ರಸೀದಿ, ಆಯುಧಪೂಜೆಯ ದಿನ ಯಂತ್ರದ ಮುಂದೆ ಎಲ್ಲರೂ ನಿಂತು ತೆಗೆಸಿಕೊಂಡ ಫೋಟೊ. ಫೋಟೊದ ಹಿಂದೆ ಅದರಲ್ಲಿರುವವರ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಡಿ. ಜೊತೆಗೆ ನಿಂತಿದ್ದವರಲ್ಲಿ ಯಾರಿಗಾದರೂ ಎದೆಯಲ್ಲಿ ನೀರು ತುಂಬಿತ್ತೇ ಎಂದು ವೈದ್ಯರು ಕೇಳಿದರೆ ಉತ್ತರಿಸಲು ಅದು ಬೇಕಾಗುತ್ತದೆ.